ಅವಧಿ ಮೀರಿದ ಚೆಕ್ ವಾಪಸಾಗಿದೆ, ಕೊಟ್ಟವರು ‘ಹಣ ಅಂದೇ ಹೋಗಿದೆ’ ಎನ್ನುತ್ತಾರೆ: ದಾರಿ ತೋರಿಸಿ

ಕರಡುತಿದ್ದುವವ:
ಸಂಸ್ಥೆಯೊಂದಕ್ಕೆ ಎರಡು ಪುಸ್ತಕಗಳ ಕರಡು ತಿದ್ದಿಕೊಟ್ಟಿದ್ದಕ್ಕೆ ಬಂದ ಚೆಕ್ಕನ್ನು ಅದೇ ಕರಡುಗಳ ಕಡತದೊಳಗೆ ಇಟ್ಟು ಮರೆತಿದ್ದೆ. ಐದು ತಿಂಗಳ ಮೇಲೆ ಸಿಕ್ಕಿತು. ಮರುದಿನವೇ ಖಾತೆಗೆ ಹಾಕಿದೆ. ಅವಧಿ ಮೀರಿದೆ ಎಂಬ ಮೆಮೊ ಅಂಟಿಕೊಂಡು ಹಿಂದಕ್ಕೆ ಬಂತು. ಸಂಸ್ಥೆಯ ಲೆಕ್ಕ ವಿಭಾಗವನ್ನು ಕೇಳಿದರೆ, ತಮ್ಮ ಖಾತೆಯಿಂದ ಹಣ ಅಂದೇ ಹೋಗಿರುವುದರಿಂದ ಇನ್ನೊಂದು ಚೆಕ್ ಬರೆಯಲಾಗದು ಎನ್ನುತ್ತಾರೆ. ಅವರಿಂದ ಹೋಗಿ ನನಗೆ ಬಾರದ ಹಣ ಎಲ್ಲಿದೆ? ಮೂರು ತಿಂಗಳ ದುಡಿಮೆ ಇದು. ಚೆಕ್ಕಿನಲ್ಲಿ ಗೀಚು, ಹರಕು ಯಾವುದೂ ಇಲ್ಲ.

ಹಳೆಕಿರ್ದಿ:
ಚೆಕ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ದಿನಾಂಕ ಹಳತಾದ ಮೇಲೆ ಬ್ಯಾಂಕ್ ಹಣ ಕೊಡುವಂತಿಲ್ಲ. ಭಾರತೀಯ ರಿಸರ್ವ್ ಬ್ಯಾಂಕಿನ ಆದೇಶದಂತೆ 2012ರ ಏಪ್ರಿಲ್ 1ರಿಂದ ಈ ಅವಧಿ ಮೂರು ತಿಂಗಳು. ಅದಕ್ಕೆ ಮೊದಲು ಆರು ತಿಂಗಳಿತ್ತು. ಕೆಲವರು ಚೆಕ್ಕುಗಳನ್ನು ನಗದಿನಂತೆ ಕೈಯಿಂದ ಕೈಗೆ ದಾಟಿಸುತ್ತಿದ್ದರೆಂಬ ಕಾರಣಕ್ಕೆ ಅದನ್ನು ಇಳಿಸಿದರು. ಆದರೆ ಸತ್ತಿರುವುದು ಕಾಗದ ಮಾತ್ರ, ಸಾಲವಲ್ಲ. ಮಾಡಿದ ಕೆಲಸದ ಹಣವನ್ನು ಕೇಳಲು ಕಾಲಮಿತಿ ಕಾಯಿದೆ ಸಾಮಾನ್ಯವಾಗಿ ಮೂರು ವರ್ಷ ಕೊಡುತ್ತದೆ. ಆ ಅವಧಿಯೊಳಗೆ ಬಾಕಿಯನ್ನು ಅವರು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ಆದ್ದರಿಂದ ಫೋನ್ ಬಿಟ್ಟು ಪತ್ರ ಬರೆಯಿರಿ.

ವಾದಪತ್ರ:
ಪತ್ರವೇಕೆ? ಚೆಕ್ ವಾಪಸಾಗಿದೆ, ಮೆಮೊ ಕೈಯಲ್ಲಿದೆ. ಚೆಕ್ ಬೌನ್ಸ್ ಅಪರಾಧಕ್ಕೆ ಸಂಬಂಧಿಸಿದ, ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮಿನಡಿ 30 ದಿನಗಳೊಳಗೆ ನೋಟಿಸ್ ಕೊಡಿ, ಅದು ತಲುಪಿ 15 ದಿನ ಕಳೆದರೂ ಹಣ ಬಾರದಿದ್ದರೆ ದೂರು ದಾಖಲಿಸಿ.

ಹಳೆಕಿರ್ದಿ:
ಈ ಸಲಹೆಯಿಂದ ಅವರಿಗೆ ವಕೀಲರ ಖರ್ಚೊಂದೇ ಉಳಿಯುತ್ತದೆ. ಚೆಕ್ಕನ್ನು ಅದರ ಅವಧಿಯೊಳಗೆ ಹಾಜರುಪಡಿಸಿರಬೇಕು ಎಂಬುದೇ ಆ ಕಲಮಿನ ಮೊದಲ ಷರತ್ತು.

ವಾದಪತ್ರ:
ಕಲಮಿನಲ್ಲಿ ಆರು ತಿಂಗಳೆಂದು ಬರೆದಿದೆ. ಇವರದು ಐದೇ ತಿಂಗಳು. ಮೂಲವನ್ನು ಓದದೆ ಬುದ್ಧಿ ಹೇಳಬೇಡಿ.

ಹಳೆಕಿರ್ದಿ:
ಆ ವಾಕ್ಯವನ್ನು ಕೊನೆಯವರೆಗೆ ಓದಿ ಎಂದು ಕೇಳಿಕೊಳ್ಳುತ್ತೇನೆ: ಆರು ತಿಂಗಳು ಅಥವಾ ಚೆಕ್ಕಿನ ಮಾನ್ಯತೆಯ ಅವಧಿ, ಇವೆರಡರಲ್ಲಿ ಯಾವುದು ಮೊದಲೋ ಅದು. ಮಾನ್ಯತೆ ಮೂರು ತಿಂಗಳಿಗೆ ಮುಗಿದಿತ್ತು.

ಕಡಲಾಚೆ:
ಅಮೆರಿಕದಲ್ಲಿ ಆರು ತಿಂಗಳು ದಾಟಿದ ಸಾಮಾನ್ಯ ಚೆಕ್ಕಿಗೆ ಹಣ ಕೊಡಬೇಕೆಂಬ ಹೊಣೆ ಬ್ಯಾಂಕಿಗಿಲ್ಲ, ಆದರೂ ಸದ್ಭಾವನೆಯಿಂದ ಕೊಟ್ಟರೆ ತಪ್ಪಲ್ಲ. ಅಲ್ಲಿನ ಸರ್ಕಾರಿ ಖಜಾನೆಯ ಚೆಕ್ಕಿಗೆ ಒಂದು ವರ್ಷವಿದೆ. ಆಸ್ಟ್ರೇಲಿಯಾದ ಕಾನೂನಿನಲ್ಲಿ ಚೆಕ್ ಹಳತಾಗಲು 15 ತಿಂಗಳು ಬೇಕು. ಕರಡುತಿದ್ದುವವರೇ, ನಿಮ್ಮ ಚೆಕ್ ಯಾವ ದೇಶದ ಬ್ಯಾಂಕಿನದು?

ಕರಡುತಿದ್ದುವವ:
ಇಲ್ಲಿಯದೇ. ಎಲ್ಲರಿಗೂ ಅದು ಗೊತ್ತೆಂದುಕೊಂಡಿದ್ದೆ.

ಬಣ್ಣದಸಾಲು:
ನನಗೆ ಬರುವ ಪ್ರತಿ ಚೆಕ್ಕನ್ನೂ ಸ್ಪ್ರೆಡ್‌ಶೀಟಿನಲ್ಲಿ ದಾಖಲಿಸುತ್ತೇನೆ. ದಿನಾಂಕಕ್ಕೆ 90 ಕೂಡಿಸಿದ ಅಂಕಣವೊಂದಿದೆ. 60 ದಿನಕ್ಕೆ ಆ ಸಾಲು ಹಳದಿಯಾಗುತ್ತದೆ, 80ಕ್ಕೆ ಕೆಂಪಾಗುತ್ತದೆ. ಎಂಟು ವರ್ಷಗಳಲ್ಲಿ ನನ್ನ ಒಂದು ಚೆಕ್ಕೂ ಹಳಸಿಲ್ಲ.

ಹಳೆಕಿರ್ದಿ:
ವ್ಯವಸ್ಥೆ ಚೆನ್ನಾಗಿದೆ, ಆದರೆ ನಿಯಮದಲ್ಲಿರುವುದು ತಿಂಗಳು, ದಿನವಲ್ಲ. ಅಧಿಕ ವರ್ಷವಲ್ಲದಾಗ ಫೆಬ್ರವರಿ 1ರಿಂದ ಮೇ 1ಕ್ಕೆ 89 ದಿನಗಳಷ್ಟೇ ಆಗುತ್ತವೆ, ಜುಲೈ 1ರಿಂದ ಅಕ್ಟೋಬರ್ 1ಕ್ಕೆ 92. ತಿಂಗಳುಗಳನ್ನೇ ಕೂಡಿಸುವ ಸೂತ್ರವನ್ನು ಬಳಸಿ.

ಬಣ್ಣದಸಾಲು:
ಕೆಂಪು ಕಂಡ ದಿನವೇ ನಾನು ಬ್ಯಾಂಕಿಗೆ ಹೋಗುವುದರಿಂದ ಒಂದು ದಿನದ ವ್ಯತ್ಯಾಸ ನನ್ನನ್ನು ಬಾಧಿಸದು.

ವಾದಪತ್ರ:
ಹಾಗಾದರೆ ಚೆಕ್ ಬರೆದವರಿಂದಲೇ ದಿನಾಂಕ ತಿದ್ದಿಸಿ ಸಹಿ ಹಾಕಿಸಲಿ. ಕ್ಲಿಯರಿಂಗಿನಲ್ಲಿ ಹೆಸರು, ಮೊತ್ತ ತಿದ್ದಿದ ಚೆಕ್ ನಡೆಯದಿದ್ದರೂ, ಮಾನ್ಯತೆ ನವೀಕರಿಸಲು ದಿನಾಂಕ ತಿದ್ದುವುದಕ್ಕೆ ರಿಸರ್ವ್ ಬ್ಯಾಂಕ್ ಅವಕಾಶ ಇಟ್ಟಿದೆ.

ಹಳೆಕಿರ್ದಿ:
ಈ ಮಾತು ಸರಿ. ಆದರೆ ಮೊದಲಿನಿಂದಲೂ ನನ್ನನ್ನು ಕಾಡುತ್ತಿರುವುದು ‘ನಮ್ಮ ಖಾತೆಯಿಂದ ಹಣ ಅಂದೇ ಹೋಗಿದೆ’ ಎಂಬ ಮಾತು. ಸಾಮಾನ್ಯ ಚೆಕ್ಕಿನಲ್ಲಿ ಹಾಗಾಗುವುದಿಲ್ಲ. ನಾವು ಹಾಜರುಪಡಿಸಿ ಅದು ಪಾಸಾಗುವವರೆಗೂ ಹಣ ಬರೆದವರ ಖಾತೆಯಲ್ಲೇ ಇರುತ್ತದೆ. ಆ ಕಾಗದದಲ್ಲಿ ಸಹಿ ಯಾರದು, ಮೇಲ್ಗಡೆ ಏನೆಂದು ಅಚ್ಚಾಗಿದೆ ಎಂದು ನೋಡಿ ತಿಳಿಸುವಿರಾ?

ಕರಡುತಿದ್ದುವವ:
ಬ್ಯಾಂಕಿನ ಇಬ್ಬರು ಅಧಿಕಾರಿಗಳ ಸಹಿಗಳಿವೆ. ಮೇಲೆ ‘ಬ್ಯಾಂಕರ್ಸ್ ಚೆಕ್’ ಎಂದಿದೆ. ಚೆಕ್ಕೆಂದರೆ ಎಲ್ಲ ಒಂದೇ ಎಂದುಕೊಂಡು ಇದನ್ನು ಬರೆದಿರಲಿಲ್ಲ.

ಹಳೆಕಿರ್ದಿ:
ಗಂಟು ಅಲ್ಲಿಯೇ ಇದೆ. ಕೆಲವರು ಇದನ್ನು ಪೇ ಆರ್ಡರ್ ಎನ್ನುತ್ತಾರೆ. ಸಂಸ್ಥೆ ಹಣ ತುಂಬಿ ಇದನ್ನು ಬ್ಯಾಂಕಿನಿಂದ ಕೊಂಡಿದೆ, ಆದ್ದರಿಂದ ಲೆಕ್ಕ ವಿಭಾಗದವರು ಸುಳ್ಳು ಹೇಳಿಲ್ಲ. ಹಣ ಅವರ ಬಳಿಯೂ ಇಲ್ಲ, ನಿಮ್ಮ ಬಳಿಯೂ ಇಲ್ಲ, ಕೊಡಬೇಕಾದ ಬಾಕಿಯಾಗಿ ಬ್ಯಾಂಕಿನ ಪುಸ್ತಕದಲ್ಲಿ ಕುಳಿತಿದೆ. ಮೂರು ತಿಂಗಳ ನಿಯಮ ಡಿಡಿ, ಪೇ ಆರ್ಡರ್‌ಗಳಿಗೂ ಅನ್ವಯಿಸುವುದರಿಂದ ನಿಮ್ಮದು ವಾಪಸಾಯಿತು. ದಿನಾಂಕ ತಿದ್ದಿ ಸಹಿ ಹಾಕುವ ಅಧಿಕಾರ ಸಂಸ್ಥೆಗಿಲ್ಲ. ಮೂಲ ಕಾಗದವನ್ನು ಸಂಸ್ಥೆಗೆ ಹಿಂದಿರುಗಿಸಿ. ಕೊಂಡವರು ಅವರಾದ್ದರಿಂದ, ಅದನ್ನು ವಿತರಿಸಿದ ಶಾಖೆಗೆ ಮಾನ್ಯತೆ ನವೀಕರಿಸುವಂತೆ ಅವರೇ ಅರ್ಜಿ ಕೊಡಬೇಕು. ಇಲ್ಲವೇ ಅದನ್ನು ರದ್ದುಪಡಿಸಿ ಹಣ ಹಿಂಪಡೆದು ನಿಮ್ಮ ಖಾತೆಗೆ ನೇರವಾಗಿ ವರ್ಗಾಯಿಸಬಹುದು. ಕೊಡುವ ಮುನ್ನ ಎರಡೂ ಬದಿಯ ನಕಲು ತೆಗೆದು, ಸ್ವೀಕೃತಿಗೆ ಸಹಿ ಪಡೆಯಿರಿ.

ಕಡಲಾಚೆ:
ಹೀಗೆ ಮರೆತುಹೋದ ಪೇ ಆರ್ಡರಿನ ಹಣ ಬ್ಯಾಂಕಿನಲ್ಲೇ ಉಳಿದುಬಿಡುತ್ತದೆಯೇ?

ಹಳೆಕಿರ್ದಿ:
ಹತ್ತು ವರ್ಷ ಯಾರೂ ಕೇಳದಿದ್ದರೆ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಆಮೇಲೂ ಹಕ್ಕುದಾರರು ಬ್ಯಾಂಕಿನ ಮೂಲಕ ಕೇಳಬಹುದು.

ವಾದಪತ್ರ:
ಇದು ಪೇ ಆರ್ಡರ್ ಎಂದು ಮೊದಲೇ ಹೇಳಿದ್ದರೆ ನಾನು 138ನೇ ಕಲಮನ್ನು ಎತ್ತುತ್ತಲೇ ಇರಲಿಲ್ಲ.

ಕರಡುತಿದ್ದುವವ:
ಲೆಕ್ಕ ವಿಭಾಗಕ್ಕೆ ಇಂದು ‘ಹೊಸ ಚೆಕ್ ಕೊಡಿ’ ಎನ್ನದೆ, ‘ನವೀಕರಣಕ್ಕೆ ಅರ್ಜಿ ಕೊಡಿ’ ಎಂದು ಬರೆದು ಕೊಟ್ಟೆ, ಕೂಡಲೇ ಒಪ್ಪಿದರು. ಮೂಲ ಕಾಗದವನ್ನು ಒಪ್ಪಿಸಿ ಸ್ವೀಕೃತಿ ಪಡೆದಿದ್ದೇನೆ. ಸೋಮವಾರ ಅರ್ಜಿ ಶಾಖೆಗೆ ಹೋಗುತ್ತದೆ. ರದ್ದುಪಡಿಸಿ ನೇರವಾಗಿ ಖಾತೆಗೆ ಹಾಕುವುದೇ ಒಳ್ಳೆಯದೆಂದು ಕೇಳಿಕೊಂಡಿದ್ದೇನೆ, ಏಕೆಂದರೆ ಇನ್ನೊಂದು ಕಾಗದವನ್ನು ಕಾಪಾಡಿಕೊಳ್ಳುವ ಧೈರ್ಯ ನನಗೆ ಸದ್ಯಕ್ಕಿಲ್ಲ.