ಮಾರುತಿ 800: ಕ್ಲಚ್ ತುಂಬಾ ಹಾರ್ಡ್, ಎರಡು ಸಲ ಕೇಬಲ್ ಹಾಕಿಸಿದರೂ ಮತ್ತೆ ಅದೇ

ತುಂಗೆಯ ದಡ:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ. ಗಾಡಿ 2003ರ ಮಾರುತಿ 800, ಎಂಪಿಎಫ್‌ಐ (ಕಾರ್ಬುರೇಟರ್ ಇಲ್ಲದ ಇಂಜಿನ್), 1,12,000 ಕಿ.ಮೀ. ಓಡಿದೆ. ಅಪ್ಪಯ್ಯ ತಗೊಂಡ ಗಾಡಿ. ಅವರು ಹೋಗಿ ನಾಲ್ಕು ವರ್ಷ ಆಯ್ತು, ಈಗ ನಾನೇ ಓಡಿಸೋದು. ತಿಂಗಳಿಗೊಂದು ಸಲ ಅಮ್ಮನನ್ನು ತಪಾಸಣೆಗೆ ಮಣಿಪಾಲಕ್ಕೆ ಕರ್ಕೊಂಡು ಹೋಗ್ಬೇಕು. ಬೆಳಿಗ್ಗೆ ಆಗುಂಬೆ ಘಾಟಿ ಇಳಿದು ಹೋಗೋದು, ಸಂಜೆ ಅದೇ ಘಾಟಿ ಹತ್ತಿ ಬರೋದು.

ಕ್ಲಚ್ ಎಷ್ಟು ಹಾರ್ಡ್ ಆಗಿದೆ ಅಂದ್ರೆ, ಹದಿನಾಲ್ಕು ತಿರುವು ಮುಗಿಸಿ ಮೇಲೆ ಬರೋ ಹೊತ್ತಿಗೆ ಎಡಗಾಲಿನ ಮಂಡಿ ನಡುಗ್ತಾ ಇರುತ್ತೆ. ಹೋದ ಸಲ ತಿರುವಿನಲ್ಲಿ ಎದುರಿಗೆ ಬಸ್ ಬಂತು. ಅದು ದಾಟೋ ತನಕ ಫಸ್ಟ್ ಗೇರಲ್ಲಿ ಕ್ಲಚ್ ಒತ್ತಿ ಹಿಡ್ಕೊಂಡು ನಿಂತೆ. ಸೀಟಿನ ಬೆನ್ನಿಗೆ ಬೆನ್ನು ಕೊಟ್ಟು ಒತ್ತಬೇಕಾಯ್ತು. ಪಕ್ಕದಲ್ಲಿ ಅಮ್ಮ ನನ್ನ ಕಾಲನ್ನೇ ನೋಡ್ತಾ ಕೂತಿದ್ರು. ಕಾಲು ಜಾರಿದ್ರೆ ಅಂತ ಅವತ್ತಿಂದ ಭಯ ಶುರುವಾಗಿದೆ.

ಇಲ್ಲಿವರೆಗೆ ಏನೇನು ಮಾಡಿಸಿದ್ದೀನಿ ಅಂದ್ರೆ: ಎರಡು ವರ್ಷದ ಹಿಂದೆ ಆಯಿಲ್ ಸೀಲ್ ಸೋರ್ತಿತ್ತು ಅಂತ ಗೇರ್‌ಬಾಕ್ಸ್ ಇಳಿಸಿದ್ರು. ಆಗಲೇ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರೂ ಹೊಸದು ಹಾಕಿಸಿದೆ. ಅದಾದ್ಮೇಲೆ ಓಡಿರೋದು ಬರೀ 14,000. ಹೋದ ವರ್ಷ ಆಗಸ್ಟಲ್ಲಿ ಕ್ಲಚ್ ಹಾರ್ಡ್ ಆಯ್ತು, ಕೇಬಲ್ ಬದಲಾಯಿಸಿದ್ರು, ಹೂವಿನ ಹಾಗೆ ಆಯ್ತು. ಮೂರು ತಿಂಗಳಷ್ಟೇ. ಮಾರ್ಚಲ್ಲಿ ಮತ್ತೊಂದು ಕೇಬಲ್. ಈಗ ಜೂನ್, ಮತ್ತೆ ಕಲ್ಲು.

ಈಗ ಗ್ಯಾರೇಜಿನವರು ಕ್ಲಚ್ ಸೆಟ್ಟೇ ಹೋಗಿದೆ, ಇಳಿಸಲೇಬೇಕು, ಕೂಲಿ ಸೇರಿ 5,500 ಅಂತಾರೆ. ಆದ್ರೆ ಘಾಟಿಯಲ್ಲಿ ಕ್ಲಚ್ ಸ್ಲಿಪ್ ಆಗ್ತಿಲ್ಲ. ಪೆಡಲ್ ಬಿಡುವಾಗ ಕ್ಲಚ್ ಹಿಡಿಯೋದೂ ಮಧ್ಯದಲ್ಲೇ. ಇತ್ತೀಚೆಗೆ ಆಕ್ಸಿಲರೇಟರ್ ಕೂಡ ಸ್ವಲ್ಪ ತಡೆದು ತಡೆದು ಬರ್ತಿದೆ. ಇನ್ನೊಂದು, ಏಪ್ರಿಲಲ್ಲಿ ಬ್ಯಾಟರಿ ಹೊಸದು ಹಾಕಿಸಿದೆ, ಆದರೂ ಬೆಳಿಗ್ಗೆ ಸೆಲ್ಫ್ ನಿಧಾನಕ್ಕೆ ತಿರುಗುತ್ತೆ. ಅದು ಬೇರೆ ವಿಷಯ ಇರಬಹುದು, ಇರಲಿ ಅಂತ ಬರೆದೆ.

ಗಾಡಿ ಮಾರಿ ಅಂತ ದಯವಿಟ್ಟು ಹೇಳಬೇಡಿ. ನಿಜವಾಗಲೂ ಗೇರ್‌ಬಾಕ್ಸ್ ಇಳಿಸಬೇಕಾ, ಅದನ್ನು ಹೇಳಿ.

ಹಳೇ ಜೆನ್:

ನನ್ನ ಮಾರುತಿ ಜೆನ್ ಕಾರಿಗೂ ಹೀಗೇ ಆಗಿತ್ತು. ಪ್ರೆಷರ್ ಪ್ಲೇಟ್ ಹೋಗಿತ್ತು. ಸೆಟ್ ಹಾಕಿಸಿದ ಮೇಲೆ ಒಂದೇ ಬೆರಳಲ್ಲಿ ಒತ್ತಬಹುದು ಅನ್ನೋ ಹಾಗಾಯ್ತು. ಪೂರ್ತಿ ಸೆಟ್ ಹಾಕಿಸಿಬಿಡಿ, ಪದೇ ಪದೇ ಕೇಬಲ್‌ಗೆ ದುಡ್ಡು ಸುರೀಬೇಡಿ.

ಶಿವಮೊಗ್ಗ ಮೆಕ್ಯಾನಿಕ್:

ತಂಗಿ, ಗೇರ್‌ಬಾಕ್ಸ್ ಇಳಿಸೋಕೆ ಈಗಲೇ ಒಪ್ಕೋಬೇಡಿ. 27 ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಕ್ಲಚ್ ಹಾರ್ಡ್ ಅಂತ ಬಂದ ಗಾಡೀನ ನೇರ ಜಾಕಿಗೆ ಏರಿಸೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಎಲ್ಲಿ ಹಾರ್ಡ್ ಆಗಿದೆ ಅಂತ ನೋಡೋಕೆ ಹತ್ತು ನಿಮಿಷ ಸಾಕು.

800ರಲ್ಲಿ ಕ್ಲಚ್‌ಗೆ ಆಯಿಲ್ ಇಲ್ಲ, ಸಿಲಿಂಡರ್ ಇಲ್ಲ, ಬರೀ ತಂತಿ. ನೀವು ಪೆಡಲ್ ಒತ್ತಿದ್ರೆ ಒಳಗಿನ ತಂತಿ ಎಳೆಯುತ್ತೆ, ಅದು ಗೇರ್‌ಬಾಕ್ಸ್ ಹತ್ತಿರ ಇರೋ ಲಿವರ್ ಎಳೆಯುತ್ತೆ, ಲಿವರಿನ ಶಾಫ್ಟ್ ತಿರುಗಿ ಬೇರಿಂಗನ್ನು, ಕ್ಲಚ್ ಪ್ಲೇಟನ್ನು ಅದುಮಿ ಹಿಡಿಯೋ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳ ಮೇಲೆ ಒತ್ತುತ್ತೆ. ಅಷ್ಟೇ ದಾರಿ. ಈ ದಾರಿಯನ್ನು ಮಧ್ಯದಲ್ಲಿ ತುಂಡು ಮಾಡಿ ನೋಡ್ಬೇಕು.

ಇಂಜಿನ್ ಆಫ್ ಮಾಡಿ, ತಣ್ಣಗಾಗಲಿ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಲಿವರ್ ತುದಿಯಲ್ಲಿ ಕೇಬಲಿನ ಅಡ್ಜಸ್ಟ್ ನಟ್ ಇದೆ. ಅದು ಎಷ್ಟು ಥ್ರೆಡ್ ಒಳಗಿತ್ತು ಅಂತ ಮೊದಲು ಎಣಿಸಿ ಬರ್ಕೊಳ್ಳಿ, ಆಮೇಲೆ ಬಿಚ್ಚಿ ಕೇಬಲ್ ಲಿವರಿಂದ ಬಿಡಿಸಿ. ಈಗ ಒಳಗೆ ಹೋಗಿ ಪೆಡಲನ್ನು ಕೈಯಲ್ಲಿ ಒತ್ತಿ ನೋಡಿ. ಏನೂ ಭಾರ ಇರಬಾರದು, ತಾನೇ ಕೆಳಗೆ ಬೀಳಬೇಕು. ಆಗಲೂ ಗಟ್ಟಿ ಇದ್ರೆ ತಪ್ಪು ಪೆಡಲ್ ಬುಷ್‌ದು (ಪೆಡಲ್ ಆಡೋ ಕೀಲಿನ ಕೊಳವೆ) ಅಥವಾ ಕೇಬಲ್‌ದು. ಮುಂದಕ್ಕೆ, ಪೆಡಲ್ ಮೇಲ್ತುದಿಯಿಂದಲೂ ಕೇಬಲ್ ಬಿಡಿಸಿ. ಪೆಡಲ್ ಒಂದೇ ಈಗ ಉಯ್ಯಾಲೆ ಥರ ಆಡಿದ್ರೆ ಬುಷ್ ಚೆನ್ನಾಗಿದೆ. ಕಿರ್ ಅಂದ್ರೆ ಸ್ವಲ್ಪ ಗ್ರೀಸ್ ಸಾಕು. ಕೊನೆಗೆ ಕೇಬಲಿನ ಒಳತಂತಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಎಳೀರಿ. ಜನಿವಾರ ಎಳೆದಷ್ಟು ಸಲೀಸಾಗಿ ಬರಬೇಕು. ಎಲ್ಲಿ ತಡೆಯುತ್ತೆ ಅಂತ ಬೆರಳಿಗೇ ಗೊತ್ತಾಗುತ್ತೆ.

ಆ ಕಡೆ ಲಿವರನ್ನೂ ಕೈಯಲ್ಲಿ ಅಲ್ಲಾಡಿಸಿ. ಬೇರಿಂಗ್ ಪ್ರೆಷರ್ ಪ್ಲೇಟಿಗೆ ತಾಗೋ ತನಕ ಒಂದೆರಡು ಮಿ.ಮೀ. ಹಗುರವಾಗಿ ಆಡಿ ಆಮೇಲೆ ಗಟ್ಟಿ ನಿಲ್ಲಬೇಕು. ಅಷ್ಟು ಆಟವೂ ಒರಟಾಗಿದ್ದು ಲಿವರ್ ವಾಪಸ್ ಬರದೇ ನಿಂತ್ರೆ, ಶಾಫ್ಟ್ ಬುಷ್ ತುಕ್ಕು ಹಿಡಿದಿದೆ ಅಂತ. ನಿಮ್ಮ ಕಡೆ ಮಳೆಗೆ ಅದು ಸಾಮಾನ್ಯ.

ಜೆನ್ ಸಾಹೇಬರು ಹೇಳಿದ್ದೂ ಸುಳ್ಳಲ್ಲ. ಪ್ಲೇಟ್ ಸವೆದಷ್ಟೂ ಪ್ರೆಷರ್ ಪ್ಲೇಟಿನ ಬೆರಳುಗಳು ಬೇರಿಂಗ್ ಕಡೆಗೆ ಎದ್ದು ಬರ್ತವೆ, ಒತ್ತೋಕೆ ಬಲ ಜಾಸ್ತಿ ಬೇಕಾಗುತ್ತೆ. ಆದ್ರೆ ಆಗ ಕ್ಲಚ್ ತೀರಾ ಮೇಲೆ ಹಿಡಿಯುತ್ತೆ, ಫ್ರೀ ಪ್ಲೇ (ಒತ್ತುವಾಗ ಮೊದಲು ಸಿಗೋ ಖಾಲಿ ಆಟ) ಉಳಿಯಲ್ಲ, ಘಾಟಿಯಲ್ಲಿ ಇಂಜಿನ್ ಕೂಗುತ್ತೆ, ಗಾಡಿ ಏರಲ್ಲ. ನಿಮಗೆ ಇದ್ಯಾವುದೂ ಇಲ್ಲ. ಕೇಬಲ್ ಹಾಕಿದ ದಿನ ಹೂವಿನ ಹಾಗಾಯ್ತು ಅಂದ್ರಲ್ಲ, ಪ್ಲೇಟ್ ಹೋಗಿದ್ರೆ ಹೊಸ ಕೇಬಲ್ ಹಾಕಿದ ದಿನವೂ ಹಾರ್ಡೇ ಇರ್ತಿತ್ತು.

ನೋಡಿ ಬಂದು ಬರೀರಿ. ಕೇಬಲ್ ಹೊರಗೆ ತೆಗೆದ್ರೆ ಬಿಸಾಡಬೇಡಿ.

ತುಂಗೆಯ ದಡ:

ಅಣ್ಣ, ಭಾನುವಾರ ತಮ್ಮನ್ನ ಕರ್ಕೊಂಡು ಅಡಿಕೆ ಶೆಡ್ಡಲ್ಲಿ ಗಾಡಿ ನಿಲ್ಲಿಸಿ ನೀವು ಹೇಳಿದ್ದಷ್ಟೂ ಮಾಡಿದ್ವಿ.

ಲಿವರಿಂದ ಕೇಬಲ್ ಬಿಡಿಸಿದ ಮೇಲೂ ಪೆಡಲ್ ಗಟ್ಟಿಯೇ. ಮೇಲಿಂದಲೂ ಬಿಡಿಸಿದಾಗ ಪೆಡಲ್ ಒಂದೇ ಸಲೀಸಾಗಿ ಆಡ್ತು. ಲಿವರ್ ನೀವು ಹೇಳಿದ ಹಾಗೇ ಸ್ವಲ್ಪ ಆಡಿ ನಿಲ್ಲುತ್ತೆ, ಒರಟು ಇಲ್ಲ. ಅಂದ್ರೆ ಕೇಬಲ್ಲೇ. ಮೂರು ತಿಂಗಳ ಕೇಬಲ್!

ಹೊರಗೆ ತೆಗೆದು ಒಳತಂತಿ ಎಳೆದೆ. ಒಂದು ಗೇಣು ಬಂದು ಅಂಟು ಹಿಡಿದ ಹಾಗೆ ನಿಲ್ಲುತ್ತೆ, ಜೋರಾಗಿ ಎಳೆದ್ರೆ ಜರ್ ಅಂತ ಬರುತ್ತೆ. ಬೆಳಕಿಗೆ ಹಿಡಿದು ನೋಡಿದೆ. ಗೇರ್‌ಬಾಕ್ಸಿನ ಬ್ರಾಕೆಟ್ ಹತ್ತಿರ ಹೊರಗಿನ ಕಪ್ಪು ಪ್ಲಾಸ್ಟಿಕ್ ಉಬ್ಬಿದೆ, ಅಲ್ಲಲ್ಲಿ ಹಪ್ಪಳದ ಗುಳ್ಳೆ ಥರ ಎದ್ದಿದೆ. ತಮ್ಮ ಆ ಜಾಗ ಕತ್ತರಿಸಿದ. ತಂತಿಗೆ ತುಕ್ಕೇ ಇಲ್ಲ. ಒಳಗಿನ ಬಿಳಿ ನೈಲಾನ್ ಕೊಳವೆ ಕರಗಿ ಕಂದು ಬಣ್ಣ ಆಗಿ ತಂತಿಯ ಎಳೆಗಳ ಸಂದಿಗೆ ಇಳಿದಿದೆ. ಉಗುರಲ್ಲಿ ಕೆರೆದ್ರೆ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಚೂರು ಚೂರು ಏಳುತ್ತೆ. ಸುಟ್ಟ ವಾಸನೆ ಇನ್ನೂ ಇದೆ. ಸೈಲೆನ್ಸರ್ ಅದರ ಹತ್ತಿರ ಎಲ್ಲೂ ಇಲ್ಲ. ಹಾಗಾದ್ರೆ ಇದು ಸುಟ್ಟಿದ್ದು ಹೇಗೆ?

ಹುಬ್ಬಳ್ಳಿ ಆಟೋ ಎಲೆಕ್ಟ್ರಿಕಲ್:

ಅಕ್ಕಾರ, ನಿಮ್ಮ ಮೊದಲನೇ ಪೋಸ್ಟಿನ್ಯಾಗ ಸೆಲ್ಫ್ ನಿಧಾನ ತಿರಗತೈತಿ ಅಂತ ಬರದೀರಲ್ಲ, ಅದನ್ನ ಓದಿದಾಗ ಸಂಶಯ ಬಂದಿತ್ತು. ಈಗ ಖಾತ್ರಿ ಆತು. ಅದು ಬ್ಯಾರೆ ವಿಷಯ ಅಲ್ಲರೀ, ಎರಡೂ ಒಂದ ರೋಗ. ನಿಮ್ಮ ಇಂಜಿನ್ ಅರ್ತ್ ಹೋಗೇತಿ.

ಹ್ಯಾಂಗ ಅಂದ್ರ, ಬ್ಯಾಟರಿ ಪ್ಲಸ್ಸಿನಿಂದ ಕರೆಂಟ್ ಸೆಲ್ಫ್ ಮೋಟರಿಗೆ ಹೋಗತೈತಿ. ಹೋದದ್ದು ತಿರಗಿ ಮೈನಸ್ಸಿಗೆ ಬರಬೇಕಲ್ಲ? ಇಂಜಿನ್ ಕುಂತಿರೂದು ರಬ್ಬರ್ ಮೌಂಟಿನ ಮ್ಯಾಲ, ರಬ್ಬರಿನ್ಯಾಗ ಕರೆಂಟ್ ಹರಿಯೂದಿಲ್ಲ. ಅದಕ್ಕಂತ ಒಂದು ದಪ್ಪ ಅರ್ತ್ ವೈರ್ ಕೊಟ್ಟಿರತಾರ. ಆ ವೈರ್ ತುಂಡಾತು, ಇಲ್ಲಾ ಬೋಲ್ಟಿನ ಬುಡಕ ತುಕ್ಕ ಹಿಡೀತು ಅಂದ್ರ, ಕರೆಂಟ್ ಸುಮ್ಮನ ಕುಂದರೂದಿಲ್ಲ, ಬ್ಯಾರೆ ದಾರಿ ಹುಡುಕತೈತಿ. ಇಂಜಿನ್ನಿಗೂ ಬಾಡಿಗೂ ನಡುವ ಉಳಿದಿರೂ ಲೋಹದ ದಾರಿ ಯಾವು? ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಸ್ಪೀಡೋಮೀಟರ್ ಕೇಬಲ್. ಸೆಲ್ಫ್ ಹೊಡದಾಗ ನೂರರ ಆಸುಪಾಸು ಆಂಪಿಯರ್ ಎಳೀತೈತಿ. ಅಷ್ಟು ಕರೆಂಟ್ ಆ ಸಣ್ಣ ತಂತಿಯೊಳಗ ಹಾದ್ರ ಕೆಂಡ ಆಗತೈತಿ, ಒಳಗಿನ ನೈಲಾನ್ ಕರಗತೈತಿ. ದಿನಾ ಬೆಳಿಗ್ಗೆ ಒಂದೀಟ ಒಂದೀಟ. ನಿಮ್ಮ ಆಕ್ಸಿಲರೇಟರ್ ತಡೀಲಿಕತ್ತಿದ್ದೂ ಅದಕ್ಕ.

ಹೊಸಾ ಕೇಬಲ್ ಹಾಕೂ ಮೊದಲ ಅರ್ತ್ ನೋಡ್ರಿ, ಇಲ್ಲಾಂದ್ರ ಅದೂ ಸುಡತೈತಿ. ಕೇಬಲ್ ಈಗ ಬಿಚ್ಚೀರಿ, ಸದ್ಯ ಸೆಲ್ಫ್ ಭಾಳ ಹೊಡೀಬ್ಯಾಡ್ರಿ, ಎಲ್ಲಾ ಭಾರ ಆಕ್ಸಿಲರೇಟರ್ ಕೇಬಲ್ ಮ್ಯಾಲ ಬೀಳತೈತಿ. ಮೀಟರ್ ಇದ್ರ ಡಿಸಿ 20 ವೋಲ್ಟಿಗೆ ಇಡ್ರಿ. ಒಂದು ಕಡ್ಡಿ ಬ್ಯಾಟರಿ ಮೈನಸ್ ಕಂಬಕ್ಕ, ಕ್ಲಾಂಪಿಗೆ ಅಲ್ಲ, ಕಂಬಕ್ಕ. ಇನ್ನೊಂದು ಗೇರ್‌ಬಾಕ್ಸಿನ ಬರೇ ಲೋಹಕ್ಕ. ಗಾಡಿ ನ್ಯೂಟ್ರಲ್ಲಿನ್ಯಾಗ ಇಟ್ಟು ತಮ್ಮಗ ಒಂದೆರಡು ಸೆಕೆಂಡ್ ಸೆಲ್ಫ್ ಹೊಡೀಲಿಕ್ಕೆ ಹೇಳ್ರಿ. 0.2, 0.3 ಬಂದ್ರ ಚಿಂತಿಲ್ಲ. ಅರ್ಧ ವೋಲ್ಟ್ ದಾಟಿತು ಅಂದ್ರ ಅರ್ತ್ ಕೆಟ್ಟೇತಿ. ಮೀಟರ್ ಇಲ್ಲಂದ್ರ ಜಂಪರ್ ಕೇಬಲ್ ಒಂದು ತುದಿ ಮೈನಸ್ಸಿಗೆ, ಇನ್ನೊಂದು ಇಂಜಿನ್ ಲೋಹಕ್ಕ ಕಚ್ಚಸರಿ. ಸೆಲ್ಫ್ ಗರಗರ ತಿರಗಿದ್ರ ಉತ್ತರ ಸಿಕ್ಕಂಗ.

ಶಿವಮೊಗ್ಗ ಮೆಕ್ಯಾನಿಕ್:

ಹುಬ್ಬಳ್ಳಿ ಅಣ್ಣ ಸರಿಯಾಗಿ ಹಿಡಿದ್ರು. ಎರಡು ವರ್ಷದ ಹಿಂದೆ ಗೇರ್‌ಬಾಕ್ಸ್ ಇಳಿಸಿದ್ದು ಅಂದ್ರಲ್ಲ, ಆಗ ಅರ್ತ್ ವೈರ್ ಬಿಚ್ಚಿರ್ತಾರೆ. ವಾಪಸ್ ಹಾಕುವಾಗ ಬುಡ ಉಜ್ಜದೇ ಹಾಕಿದ್ರೆ, ಬೋಲ್ಟ್ ಸಡಿಲ ಬಿಟ್ರೆ ಹೀಗಾಗುತ್ತೆ. ನಾನು ಮೊದಲ ಸಲವೇ ಸೆಲ್ಫ್ ವಿಷಯ ಕೇಳ್ಬೇಕಿತ್ತು ತಂಗಿ, ಕೇಬಲ್ ಮೇಲೇ ಗಮನ ಇತ್ತು.

ಹೊಸ ಕೇಬಲ್ ತರುವಾಗ ಹಳೇದನ್ನು ಅಂಗಡಿಗೆ ತಗೊಂಡು ಹೋಗಿ ಉದ್ದ, ಎರಡೂ ತುದಿ ಅಳತೆ ಮಾಡಿ ತನ್ನಿ. 800ರ ತಯಾರಿ 2014ರ ಜನವರಿಗೆ ನಿಂತ್ರೂ ಕೇಬಲ್ ಎಲ್ಲಾ ಕಡೆ ಸಿಗುತ್ತೆ. ಕೂರಿಸುವಾಗ ಮೊದಲಿನ ದಾರಿಯಲ್ಲೇ ದೊಡ್ಡ ಬಾಗು ಕೊಟ್ಟು ತನ್ನಿ, ಎಲ್ಲೂ ಮಡಚಬಾರದು. ನೈಲಾನ್ ಇರೋ ಕೇಬಲ್‌ಗೆ ಆಯಿಲ್ ಬಿಡೋದು ಬೇಡ, ಧೂಳು ಕೂರುತ್ತೆ. ಲಿವರ್ ತುದಿಯಲ್ಲಿ ಎರಡು ಮೂರು ಮಿ.ಮೀ. ಆಟ ಬಿಟ್ಟು ನಟ್ ಬಿಗಿ ಮಾಡಿ. ಪೂರ್ತಿ ಬಿಗಿ ಮಾಡಿದ್ರೆ ಬೇರಿಂಗ್ ಸದಾ ತಿರುಗ್ತಾ ಬೇಗ ಹೋಗುತ್ತೆ.

ತುಂಗೆಯ ದಡ:

ಇಬ್ಬರೂ ಅಣ್ಣಂದಿರಿಗೆ ಹೇಗೆ ಹೇಳಲಿ ಗೊತ್ತಾಗ್ತಿಲ್ಲ.

ತಮ್ಮನ ಸ್ನೇಹಿತನ ಹತ್ತಿರ ಮೀಟರ್ ಇತ್ತು. ಸೆಲ್ಫ್ ಹೊಡೆದಾಗ 1.9 ತೋರಿಸ್ತು. ಗೇರ್‌ಬಾಕ್ಸ್ ಮೇಲಿನ ಅರ್ತ್ ಬೋಲ್ಟಿಗೆ ಸ್ಪ್ಯಾನರ್ ಹಾಕೋದೇ ಬೇಡವಾಯ್ತು, ಕೈಯಲ್ಲೇ ತಿರುಗ್ತು. ಅದರ ಬುಡದಲ್ಲಿ ಕೆಂಪು ತುಕ್ಕು ಪುಡಿ ಪುಡಿ. ವೈರಿನ ರಬ್ಬರ್ ಸೀಳಿ ನೋಡಿದ್ರೆ ತಾಮ್ರ ಪೂರ್ತಿ ಹಸಿರಾಗಿದೆ, ನಾಲ್ಕೈದು ಎಳೆ ಬಿಟ್ಟು ಉಳಿದದ್ದೆಲ್ಲ ತುಂಡು. ನಮ್ಮ ಮೂರು ಮಳೆಗಾಲ ಅದರೊಳಗೆ ಇಳಿದಿದೆ.

ಊರಿನ ಬ್ಯಾಟರಿ ಅಂಗಡಿಯಲ್ಲಿ ಅದೇ ಉದ್ದಕ್ಕೆ ದಪ್ಪ ವೈರ್ ಕತ್ತರಿಸಿ, ತುದಿಗೆ ಲಗ್ (ಬೋಲ್ಟಿಗೆ ಕೂರೋ ಲೋಹದ ಬಳೆ) ಒತ್ತಿಸಿ ಮಾಡಿಕೊಟ್ರು. ಎರಡೂ ಕಡೆ ಎಮರಿ ಪೇಪರಲ್ಲಿ ಲೋಹ ಹೊಳೆಯೋ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದ್ವಿ. ಈಗ 0.15. ಮೊದಲ ಸಲ ಸೆಲ್ಫ್ ಹೊಡೆದ ಸದ್ದಿಗೆ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದ್ರು, ಅಪ್ಪಯ್ಯ ಇದ್ದಾಗ ಹೀಗೇ ಸ್ಟಾರ್ಟ್ ಆಗ್ತಿತ್ತು ಅಂದ್ರು.

ಆಮೇಲೆ ಹೊಸ ಕೇಬಲ್ ಹಾಕಿ, ಲಿವರಲ್ಲಿ ಎರಡೂವರೆ ಮಿ.ಮೀ. ಬಿಟ್ಟೆ. ವೈರ್, ಕೇಬಲ್ ಎಲ್ಲಾ ಸೇರಿ ಸಾವಿರದೊಳಗೇ ಮುಗೀತು. ನಿನ್ನೆ ಮಣಿಪಾಲಕ್ಕೆ ಹೋಗಿ ಬಂದ್ವಿ. ವಾಪಸ್ ಬರುವಾಗ ಘಾಟಿ ಬುಡದ ಸೋಮೇಶ್ವರದಿಂದಲೇ ಮಳೆ, ಘಾಟಿಯಲ್ಲಿ ಮಂಜು, ಎರಡು ಕಡೆ ತಿರುವಲ್ಲೇ ನಿಲ್ಲಿಸಬೇಕಾಯ್ತು. ಮಂಡಿ ಒಂದು ಚೂರೂ ನೋವಿಲ್ಲ.

ಆಕ್ಸಿಲರೇಟರ್ ಕೇಬಲ್ ಇನ್ನೂ ತಡೀತಿದೆ, ಅದನ್ನು ಈ ವಾರ ಬದಲಾಯಿಸ್ತೀನಿ. ಶಿವಮೊಗ್ಗದ ಅಣ್ಣ, ಸುಟ್ಟ ಕೇಬಲ್ ಶೆಡ್ಡಿನ ಮೊಳೆಗೆ ನೇತು ಹಾಕಿದ್ದೀನಿ. ನಿಮ್ಮ ಹುಡುಗರಿಗೆ ತೋರಿಸೋಕೆ ಬೇಕಿದ್ರೆ ಹೇಳಿ, ಆ ಕಡೆ ಬಂದಾಗ ತಂದುಕೊಡ್ತೀನಿ.