ನಾಯಿಯನ್ನು ಆಡಿಕೊಂಡವರಿಗೆ ಏನು ಹೇಳಲಿ? ಭಾನುವಾರದ ಪ್ರಶ್ನೋತ್ತರ

ನಿರ್ವಾಹಕಿ: ಎಲ್ಲರಿಗೂ ನಮಸ್ಕಾರ. ಇಂದು ನಮ್ಮ ಪಶುವೈದ್ಯರು ಬಂದಿದ್ದಾರೆ. ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದವರು. ವಿಷಯ: ನಿಮ್ಮ ನಾಯಿಯ ಬಗ್ಗೆ ಜನ ಆಡುವ ಮಾತು. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಚುಕ್ಕಿಯ ಅಮ್ಮ: ಡಾಕ್ಟರೇ, ಚುಕ್ಕಿಯನ್ನು ಬೀದಿಯಿಂದ ತಂದು ಸಾಕಿದ್ದೇವೆ. ಪಟ್ಟಿ ಹಾಕಿ ಕರೆದುಕೊಂಡು ಹೊರಟರೆ ಮೂಲೆ ಮನೆಯವರು ದಿನವೂ ‘ಕಂತ್ರಿ ನಾಯಿಗೆ ಎಷ್ಟೊಂದು ಮೆರವಣಿಗೆ’ ಎನ್ನುತ್ತಾರೆ. ಏನು ಉತ್ತರ ಕೊಡಲಿ?

ಡಾಕ್ಟರ್: ‘ಹೌದು, ಕಂತ್ರಿಯೇ’ ಎಂದು ಹೇಳಿ ನಡೆಯುತ್ತಿರಿ. ಸಾವಿರಾರು ರೂಪಾಯಿ ಕೊಟ್ಟು ತಂದ ಚಪ್ಪಟೆ ಮೂಗಿನ ಮರಿಗಳು ಏಪ್ರಿಲ್ ಬಂತೆಂದರೆ ಉಸಿರಿಗೆ ಒದ್ದಾಡುತ್ತ ನನ್ನ ಮೇಜಿಗೆ ಬರುತ್ತಿದ್ದವು. ಕಂತ್ರಿಗಳು ಹೆಚ್ಚಾಗಿ ಬರುತ್ತಿದ್ದದ್ದು ಲಸಿಕೆಗೆ.

ಗುಂಡಣ್ಣನ ಅಪ್ಪ: ನಮ್ಮದು ಪಗ್. ಇದು ನಮ್ಮನ್ನು ಕುರಿತ ಮಾತೇ?

ಡಾಕ್ಟರ್: ಹೌದು. ತೂಕ ಇಳಿಸಿ, ಮಧ್ಯಾಹ್ನ ಹೊರಗೆ ನಡೆಸಬೇಡಿ.

ಮೈಸೂರು ಮಲ್ಲಿಗೆ: ನನಗೆ ಈಗ ಐದು ತಿಂಗಳು. ನಾಯಿಯ ಕೂದಲು ಹೊಟ್ಟೆಗೆ ಹೋದರೆ ಮಗುವಿಗೆ ತೊಂದರೆ, ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಅತ್ತೆ ದಿನವೂ ಹೇಳುತ್ತಾರೆ. ಬಂದ ನೆಂಟರೆಲ್ಲ ತಲೆ ಆಡಿಸುತ್ತಾರೆ.

ಡಾಕ್ಟರ್: ನುಂಗಿದ ಕೂದಲು ಗರ್ಭಕೋಶಕ್ಕೆ ಹೋಗುವ ದಾರಿಯೇ ಇಲ್ಲ ತಾಯಿ. ಗರ್ಭಿಣಿಯರು ಹೆದರಬೇಕಾದ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಹರಡುವುದು ಬೆಕ್ಕಿನ ಮಲದಿಂದ, ಸರಿಯಾಗಿ ಬೇಯದ ಮಾಂಸದಿಂದ. ನಾಯಿಗೆ ಜಂತುಹುಳದ ಔಷಧಿ ಮತ್ತು ರೇಬೀಸ್ ಲಸಿಕೆ ತಪ್ಪಿಸಬೇಡಿ, ಅದರ ಕಕ್ಕಸನ್ನು ಬೇರೆಯವರು ಎತ್ತಲಿ, ಊಟಕ್ಕೆ ಮೊದಲು ಕೈ ತೊಳೆಯಿರಿ. ಅತ್ತೆಯವರೊಡನೆ ವಾದಕ್ಕೆ ಇಳಿಯಬೇಡಿ. ಮುಂದಿನ ತಪಾಸಣೆಗೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಇದೇ ಪ್ರಶ್ನೆಯನ್ನು ಹೆರಿಗೆ ಡಾಕ್ಟರ ಮುಂದೆ ಅವರಿಂದಲೇ ಕೇಳಿಸಿ.

ಬಾಣನ ಅಮ್ಮ: ಡಾಕ್ಟರೇ, ನಾವು ಧಾರವಾಡದವರು. ನಮ್ಮ ಬಾಣ ಮುಧೋಳ ತಳಿ, ಮೂರು ವರ್ಷ. ಬೀದಿಗೆ ಹೋದರೆ ಸಾಕು, ‘ಅನ್ನ ಹಾಕುವುದಿಲ್ಲವೇ’, ‘ಎಲುಬು ಎಣಿಸಬಹುದು’, ‘ಸಾಕಲಾಗದಿದ್ದರೆ ಏಕೆ ತಂದಿರಿ’ ಎನ್ನುತ್ತಾರೆ. ಮೊನ್ನೆ ಹಾಲಿನವರೂ ಹೋದ ತಿಂಗಳಿಗಿಂತ ಇಳಿದಿದ್ದಾನೆ ಎಂದರು. ಬಿಸಿಲಿಗೆ ಊಟ ಬಿಟ್ಟಿದ್ದಾನೆ ಅಷ್ಟೇ. ಒಮ್ಮೆ ಮೂಗಿನಲ್ಲಿ ಸ್ವಲ್ಪ ರಕ್ತ ಬಂದಿತ್ತು, ಉಷ್ಣಕ್ಕೆ ಎಂದು ಮಜ್ಜಿಗೆ ಕೊಟ್ಟೆವು. ಇವರೆಲ್ಲರ ಬಾಯಿ ಮುಚ್ಚಿಸುವಂಥ ಒಂದು ಉತ್ತರ ಹೇಳಿಕೊಡಿ.

ಡಾಕ್ಟರ್: ಉತ್ತರ ಆಮೇಲೆ. ಮೂಗಿನಲ್ಲಿ ರಕ್ತ ಬಂದದ್ದು ಯಾವಾಗ? ಊಟ ಬಿಟ್ಟು ಎಷ್ಟು ದಿನವಾಯಿತು? ಮೈಮೇಲೆ ಉಣುಗು ಕಂಡಿದ್ದೀರಾ?

ಬಾಣನ ಅಮ್ಮ: ರಕ್ತ ಬುಧವಾರ. ಊಟ ಎಂಟು ದಿನದಿಂದ ಅರ್ಧಕ್ಕರ್ಧ. ಉಣುಗು ಕಳೆದ ತಿಂಗಳು ಕಿವಿಯೊಳಗೆ ಇದ್ದವು, ಕಿತ್ತು ಹಾಕಿದೆವು.

ಡಾಕ್ಟರ್: ಗಮನವಿಟ್ಟು ಓದಿ. ಮುಧೋಳ ನಾಯಿ ಬೇಟೆಗಾಗಿ ಬೆಳೆಸಿದ ತಳಿ. ಎದೆ ಆಳ, ಸೊಂಟ ಸಣ್ಣ, ಮೈಯಲ್ಲಿ ಕೊಬ್ಬು ಕಡಿಮೆ. ಆರೋಗ್ಯವಂತ ಮುಧೋಳಕ್ಕೂ ಕೊನೆಯ ಎರಡು ಮೂರು ಪಕ್ಕೆಲುಬು ಕಾಣುತ್ತವೆ, ಸೊಂಟದ ಮೂಳೆ ಎದ್ದು ತೋರುತ್ತದೆ. ಲ್ಯಾಬ್ರಡಾರ್ ನೋಡಿ ರೂಢಿಯಾದ ಕಣ್ಣಿಗೆ ಅದು ಉಪವಾಸ ಬಿದ್ದ ನಾಯಿ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರದ ಅಂಚೆಚೀಟಿ ತಂದಿತು, ಅದರಲ್ಲೂ ಹೊಟ್ಟೆ ಬೆನ್ನಿಗೆ ಹತ್ತಿದಂತೆಯೇ ಇದೆ. ಹಾಗಾಗಿ ‘ಅನ್ನ ಹಾಕುವುದಿಲ್ಲವೇ’ ಎನ್ನುವವರದು ತಿಳಿಯದ ಮಾತು, ಬಿಡಿ. ಹಾಲಿನವರ ಮಾತು ಹಾಗಲ್ಲ. ಅವರು ನಿಮ್ಮ ನಾಯಿಯನ್ನು ಬೇರೆ ನಾಯಿಗೆ ಹೋಲಿಸಲಿಲ್ಲ, ಹೋದ ತಿಂಗಳ ಅದೇ ನಾಯಿಗೆ ಹೋಲಿಸಿದರು. ನನಗೆ ದಿಗಿಲಾಗಿರುವುದು ಅಲ್ಲಿಯೇ.

ಉಣುಗು ಇದ್ದ ನಾಯಿ ಊಟ ಬಿಟ್ಟು, ಇಳಿದು, ಮೂಗಿನಲ್ಲಿ ರಕ್ತ ಬಂದರೆ ನಾನು ಮೊದಲು ಯೋಚಿಸುವುದು ಎರ್ಲಿಕಿಯಾ ಎಂಬ ಉಣುಗು ಜ್ವರವನ್ನು. ಕಂದು ಉಣುಗು ಕಚ್ಚಿದಾಗ ರೋಗಾಣು ರಕ್ತಕ್ಕೆ ಸೇರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕುಸಿಯುತ್ತದೆ. ಬಿಸಿಲಿಗೂ ಮಜ್ಜಿಗೆಗೂ ಇಲ್ಲಿ ಸಂಬಂಧವಿಲ್ಲ. ಈಗಲೇ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣವಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬಿಳಿಚಿದ್ದರೆ, ಅಥವಾ ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆಗಳಿದ್ದರೆ, ಇವತ್ತೇ ಹೊರಡಿ. ಇರದಿದ್ದರೂ ನಾಳೆ ಬೆಳಿಗ್ಗೆ ರಕ್ತಪರೀಕ್ಷೆ ಆಗಲೇಬೇಕು. ನಿಮ್ಮೂರಿನಲ್ಲಿ ಪಶು ಆಸ್ಪತ್ರೆ ಇದೆ. ನೋವಿನ ಮಾತ್ರೆ, ಜ್ವರದ ಮಾತ್ರೆ ಎಂದು ಮನೆಯಲ್ಲಿ ಇರುವುದನ್ನು ಕೊಡಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಓಡಿಸಬೇಡಿ.

ಸಾವಯವ ಸ್ನೇಹಿತ: ಉಣುಗಿಗೆ ಸುಲಭ ಪರಿಹಾರವಿದೆ. ದಿನಕ್ಕೆ ನಾಲ್ಕು ಎಸಳು ಬೆಳ್ಳುಳ್ಳಿ ಅನ್ನದಲ್ಲಿ ಕಲಸಿ ಕೊಡಿ, ಮೈಗೆ ಹಳೆಯ ಎಂಜಿನ್ ಎಣ್ಣೆ ಹಚ್ಚಿ. ನೂರಕ್ಕೆ ನೂರು ಗುಣ. ಹತ್ತು ಜನರಿಗೆ ಕಳುಹಿಸಿ.

ಡಾಕ್ಟರ್: ಒಬ್ಬರಿಗೂ ಕಳುಹಿಸಬೇಡಿ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ರಕ್ತ ಕಡಿಮೆಯಾಗುತ್ತಿರುವ ನಾಯಿಗೆ ಬೆಳ್ಳುಳ್ಳಿ! ಎಂಜಿನ್ ಎಣ್ಣೆಯನ್ನು ನಾಯಿ ನೆಕ್ಕುತ್ತದೆ, ಅದು ವಿಷ. ಚರ್ಮ ಸುಟ್ಟು ಬಂದ ನಾಯಿಗಳನ್ನು ನಾನು ತೊಳೆದಿದ್ದೇನೆ, ನೀವು ತೊಳೆದಿಲ್ಲ.

ಸಾವಯವ ಸ್ನೇಹಿತ: ನಮ್ಮ ತಾತ ಇದನ್ನೇ ಮಾಡುತ್ತಿದ್ದರು.

ಡಾಕ್ಟರ್: ತಾತನ ಎಷ್ಟು ನಾಯಿಗಳು ಎಷ್ಟು ವರ್ಷ ಬದುಕಿದವು ಎಂದು ಲೆಕ್ಕ ಇಟ್ಟಿದ್ದರೆ ಕಳುಹಿಸಿ.

ಕಾಡಿಗೆಯ ಅಕ್ಕ: ನಮ್ಮದು ಪೂರ್ತಿ ಕಪ್ಪು ನಾಯಿ. ಕೆಲಸಕ್ಕೆ ಹೊರಟವರು ಎದುರಾದರೆ ‘ಅಪಶಕುನ’ ಎಂದು ಒಳಗೆ ಹೋಗಿ ನೀರು ಕುಡಿದು ಬರುತ್ತಾರೆ. ನನಗೆ ಕೇಳಿಸಲೆಂದೇ ಹೇಳುತ್ತಾರೆ.

ಡಾಕ್ಟರ್: ನೀರು ಕುಡಿಯುವುದು ಆರೋಗ್ಯಕ್ಕೆ ಒಳ್ಳೆಯದು.

ಇತಿಹಾಸದ ಮೇಷ್ಟ್ರು: ಅಕ್ಕ, ಅವರಿಗೆ ಆತಕೂರಿನ ಕಥೆ ಹೇಳಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಶಾಸನ, ಸುಮಾರು ಕ್ರಿ.ಶ. 949–50ರದು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ‘ಏನು ಬೇಕೋ ಕೇಳು’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿದರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರೆ ನೋಡಬಹುದು. ಶಕುನ ನೋಡುವ ನಾಡು ನಾಯಿಗೆ ವೀರಗಲ್ಲನ್ನೂ ನೆಟ್ಟಿದೆ.

204ನೇ ಮನೆ: ವೀರಗಲ್ಲು ಇರಲಿ. ನಮ್ಮ ವಸತಿ ಸಮುಚ್ಚಯದಲ್ಲಿ ಲಿಫ್ಟಿನೊಳಗೆ ಪಟ್ಟಿ ಬಿಚ್ಚಿ ಬಿಡುತ್ತಾರೆ. ಹೋದ ವರ್ಷ ನನ್ನ ಮಗಳಿಗೆ ನಾಯಿ ಕಚ್ಚಿತು, ಏಳು ವರ್ಷದವಳು. ನಾಯಿಯ ಯಜಮಾನರು ‘ಅದು ಆಟಕ್ಕೆ ಕಚ್ಚಿದ್ದು’ ಎಂದರು. ಇಲ್ಲಿ ಎಲ್ಲರೂ ಜನರ ಅಜ್ಞಾನದ ಬಗ್ಗೆಯೇ ಹೇಳುತ್ತೀರಿ.

ಚುಕ್ಕಿಯ ಅಮ್ಮ: ಇದು ನಾಯಿ ಪ್ರಿಯರ ಗುಂಪು. ದ್ವೇಷಿಗಳಿಗೆ ಬೇರೆ ಜಾಗವಿದೆ.

204ನೇ ಮನೆ: ಮಗುವಿನ ಕೈಗೆ ಹೊಲಿಗೆ ಬಿದ್ದಿದೆ ಎಂದರೆ ದ್ವೇಷವೇ?

ಗುಂಡಣ್ಣನ ಅಪ್ಪ: ಮಗು ಬಾಲ ಎಳೆದಿರಬೇಕು.

ಇತಿಹಾಸದ ಮೇಷ್ಟ್ರು: ಸ್ವಾಮಿ, ಆ ಮಾತು ಹಿಂತೆಗೆದುಕೊಳ್ಳಿ.

ಗುಂಡಣ್ಣನ ಅಪ್ಪ: ಮೇಷ್ಟ್ರಿಗೆ ನಾಯಿಯೇ ಇಲ್ಲ, ಈ ಗುಂಪಿನಲ್ಲಿ ಏಕಿದ್ದಾರೆ?

ಡಾಕ್ಟರ್: 204ರವರ ಪರವಾಗಿ ನಾನಿದ್ದೇನೆ. ‘ಆಟಕ್ಕೆ ಕಚ್ಚಿತು’ ಎನ್ನುವುದು ನಾನು ಕೇಳಿದ ಅಜ್ಞಾನದ ಮಾತುಗಳಲ್ಲೆಲ್ಲ ದೊಡ್ಡದು, ಅದನ್ನು ಹೇಳುವವರು ನಾಯಿ ಸಾಕಿದವರೇ. ಲಿಫ್ಟಿನಲ್ಲಿ ಪಟ್ಟಿ ಗಿಡ್ಡ ಹಿಡಿಯಿರಿ, ಯಾರಾದರೂ ಹೆದರಿದರೆ ಇಳಿದು ಮುಂದಿನ ಲಿಫ್ಟಿಗೆ ಕಾಯಿರಿ. ನಾಯಿ ಸಾಕುವುದನ್ನು ಸಂಘದವರು ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ ಸುತ್ತೋಲೆ ಹೇಳುತ್ತದೆ, ನಿಜ. ಅದೇ ಮಂಡಳಿ ಪಟ್ಟಿ ಹಿಡಿಯಿರಿ, ಕಕ್ಕಸು ಎತ್ತಿರಿ ಎಂದೂ ಹೇಳಿದೆ. ಆ ಸಾಲನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಮಗುವಿಗೆ ಚುಚ್ಚುಮದ್ದು ಪೂರ್ತಿಯಾಯಿತೇ?

204ನೇ ಮನೆ: ಐದೂ ಆಯಿತು ಸಾರ್. ಧನ್ಯವಾದ.

ಸಾವಯವ ಸ್ನೇಹಿತ: ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಅರಿಶಿನ, ಮೆಣಸಿನ ಪುಡಿ ಹಚ್ಚಿದರೆ ವಿಷ ಇಳಿಯುತ್ತದೆ.

ಡಾಕ್ಟರ್: ನಿರ್ವಾಹಕರೇ, ಇವರನ್ನು ತೆಗೆಯಿರಿ, ಅಥವಾ ನನ್ನನ್ನು. ರೇಬೀಸ್ ಲಕ್ಷಣ ಶುರುವಾದ ಮೇಲೆ ಮನುಷ್ಯ ಉಳಿಯುವುದಿಲ್ಲ ಎಂದೇ ತಿಳಿಯಿರಿ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಏನನ್ನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಸುಣ್ಣ ಗೋಡೆಗೆ, ಮೆಣಸಿನ ಪುಡಿ ಸಾರಿಗೆ.

ಟಾಮಿ ಅಂಕಲ್: ಹೆಣ್ಣು ನಾಯಿ ಒಮ್ಮೆಯಾದರೂ ಮರಿ ಹಾಕದಿದ್ದರೆ ಪಾಪ, ಆಪರೇಷನ್ ಮಾಡಿಸಬೇಡಿ ಎಂದು ಎಲ್ಲರೂ ಬೈಯುತ್ತಾರೆ. ನಿಜವೇ?

ಡಾಕ್ಟರ್: ಅಲ್ಲ. ಮಾಡಿಸಿ. ಹಾಗೇ ಬಿಟ್ಟ ಹೆಣ್ಣು ನಾಯಿಗಳ ಗರ್ಭಕೋಶದಲ್ಲಿ ಕೀವು ತುಂಬಿ ಮಧ್ಯರಾತ್ರಿ ಹೊಟ್ಟೆ ತೆರೆದಿದ್ದೇನೆ.

ಹೊಸ ಸದಸ್ಯ: ಪಗ್ ಮರಿ ಎಲ್ಲಿ ಸಿಗುತ್ತದೆ? ಬೆಲೆ ಎಷ್ಟು?

ಹಾಸನದ ಹುಡುಗಿ: ಅಕ್ಕ ಗರ್ಭಿಣಿ. ನಾಯಿಯ ಕೂದಲಿನಿಂದ ಏನಾದರೂ ಆಗುತ್ತದೆಯೇ?

ಡಾಕ್ಟರ್: ಮೇಲೆ ಓದಿ.

ಹಾಸನದ ಹುಡುಗಿ: ಎಲ್ಲಿ ಸಾರ್? ತುಂಬಾ ಉದ್ದ ಇದೆ.

ಡಾಕ್ಟರ್: ಬೆರಳಿಗೆ ವ್ಯಾಯಾಮ ಆಗುತ್ತದೆ.

ಮೂರು ಕಾಲಿನ ರಾಜ: ಸಾರ್, ನಮ್ಮ ನಾಯಿ ಅಪಘಾತದಲ್ಲಿ ಹಿಂಗಾಲು ಕಳೆದುಕೊಂಡಿತು. ‘ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ, ನೋಡಲಾಗದು’ ಎನ್ನುತ್ತಾರೆ. ಅವನು ನನಗಿಂತ ವೇಗವಾಗಿ ಮಹಡಿ ಹತ್ತುತ್ತಾನೆ. ಒಮ್ಮೊಮ್ಮೆ ನನಗೇ ಅನುಮಾನ ಬರುತ್ತದೆ.

ಗುಂಡಣ್ಣನ ಅಪ್ಪ: ಮೇಷ್ಟ್ರು ಇನ್ನೂ ಉತ್ತರ ಕೊಟ್ಟಿಲ್ಲ.

ಇತಿಹಾಸದ ಮೇಷ್ಟ್ರು: ನಾಯಿ ಇತ್ತು. ಹೋದ ದೀಪಾವಳಿಯ ಪಟಾಕಿಗೆ ಬೆದರಿ ಓಡಿಹೋದದ್ದು ಇನ್ನೂ ಬಂದಿಲ್ಲ. ಸಾಕೇ?

ನಿರ್ವಾಹಕಿ: ದಯವಿಟ್ಟು ಎಲ್ಲರೂ ಸುಮ್ಮನಿರಿ. ಸಾವಯವ ಸ್ನೇಹಿತರನ್ನು ತೆಗೆದಿದ್ದೇನೆ.

ಬಾಣನ ಅಮ್ಮ: ಡಾಕ್ಟರೇ, ಒಸಡು ಬಿಳಿಚಿತ್ತು. ತಕ್ಷಣ ಹೊರಟೆವು. ಪ್ಲೇಟ್‌ಲೆಟ್ 38 ಸಾವಿರ ಎಂದರು. ಉಣುಗು ಜ್ವರವೇ. ಡ್ರಿಪ್ ಹಾಕಿದ್ದಾರೆ, ಮಾತ್ರೆ ನಾಲ್ಕು ವಾರ ಎಂದಿದ್ದಾರೆ. ಕೈ ನಡುಗುತ್ತಿದೆ.

ಡಾಕ್ಟರ್: ಒಳ್ಳೆಯ ಹೊತ್ತಿಗೆ ಹೋಗಿದ್ದೀರಿ. ಗೆಲುವಾದ ಎಂದು ನಡುವೆ ಮಾತ್ರೆ ನಿಲ್ಲಿಸಬೇಡಿ, ನಾಲ್ಕು ವಾರವೆಂದರೆ ನಾಲ್ಕು ವಾರ. ಪ್ಲೇಟ್‌ಲೆಟ್ ಎಣಿಕೆ ಅವರು ಹೇಳಿದ ದಿನ ಮತ್ತೆ ಮಾಡಿಸಿ. ಹಾಸಿಗೆ, ಗೋಡೆಯ ಬಿರುಕು, ಕಟ್ಟುವ ಜಾಗ ಎಲ್ಲ ಕಡೆ ಉಣುಗು ಹುಡುಕಿ, ನಾಯಿಯ ಮೈಮೇಲೆ ಇರುವುದಕ್ಕಿಂತ ಅಲ್ಲಿಯೇ ಹೆಚ್ಚು ಇರುತ್ತವೆ. ರಾತ್ರಿ ಏನಾದರೂ ಆದರೆ ನನಗೆ ನೇರವಾಗಿ ಬರೆಯಿರಿ, ಇಲ್ಲಿ ಬೇಡ.

ಬಾಣನ ಅಮ್ಮ: ಆಗಲಿ. ಬೆಳಿಗ್ಗೆ ಹಾಲಿನವರಿಗೆ ಹೇಳಬೇಕು.

ಹೊಸ ಸದಸ್ಯ: ಪಗ್ ಮರಿಯ ಬೆಲೆ ಯಾರೂ ಹೇಳಲಿಲ್ಲ.