ನೆಲ ಒರೆಸುವ ಲಿಕ್ವಿಡ್‌ಗೆ ಆನ್‌ಲೈನ್ ಸ್ಪರ್ಧೆ ಇಟ್ಟೆವು, ಜನ ಬರಲಿಲ್ಲ. ಮುಂದೇನು ಮಾಡಲಿ?

ಒದ್ದೆನೆಲ:

ನೆಲ ಒರೆಸುವ ಲಿಕ್ವಿಡ್ ಮಾಡುವ ಒಂದು ಕಂಪನಿಯ ಸೋಷಿಯಲ್ ಮೀಡಿಯಾ ಪೇಜ್ ನೋಡಿಕೊಳ್ಳುತ್ತೇನೆ. ಕಳೆದ ತಿಂಗಳು ಸ್ಪರ್ಧೆ ಇಟ್ಟೆವು. ಮನೆಯ ನೆಲದ ಬಗ್ಗೆ ಮರೆಯಲಾಗದ ನೆನಪೊಂದನ್ನು ಒಂದು ನಿಮಿಷದ ವಿಡಿಯೋದಲ್ಲಿ ಹೇಳಬೇಕು. ಬಾಟಲಿ ಕಾಣಿಸಬೇಕು. ಐದು ಜನ ಸ್ನೇಹಿತರನ್ನು ಟ್ಯಾಗ್ ಮಾಡಬೇಕು. ಆಮೇಲೆ ಫಾರಂ ತುಂಬಬೇಕು. ಬಹುಮಾನ ಚೆನ್ನಾಗೇ ಇತ್ತು. ಬಂದಿದ್ದು ಏಳು ವಿಡಿಯೋ, ಅದರಲ್ಲಿ ನಾಲ್ಕು ನಮ್ಮ ಆಫೀಸಿನವರದ್ದೇ. ಒಂದರಲ್ಲಿ ನಾನೇ ಇದ್ದೇನೆ, ಮಾಪ್ ಹಿಡಿದು ಪೆಚ್ಚುಪೆಚ್ಚಾಗಿ ನಗುತ್ತಾ.

ಹೊಟ್ಟೆ ಉರಿಯುವುದು ಅದಕ್ಕಲ್ಲ. ಯಾರೋ ಕಮೆಂಟಿನಲ್ಲಿ ಒಂದು ಫೋಟೋ ಹಾಕಿದ್ದರು. ಆಗಷ್ಟೇ ಒರೆಸಿದ ನೆಲ, ಫಳಫಳ. ಅದರ ಮೇಲೆ ಬಾಗಿಲಿಂದ ಅಡುಗೆಮನೆವರೆಗೂ ನಾಯಿಯ ಕೆಸರು ಹೆಜ್ಜೆ. ಕೊನೇ ಹೆಜ್ಜೆಯ ಹತ್ತಿರ ನಾಯಿ, ತನಗೇನೂ ಗೊತ್ತಿಲ್ಲ ಅನ್ನೋ ಮುಖದಲ್ಲಿ. ಕೆಳಗೆ ಒಂದೇ ಸಾಲು: 'ಮಾಪ್ ಇನ್ನೂ ಕೈಯಲ್ಲೇ ಇದೆ.' ಜನ ನಕ್ಕಿದ್ದೇ ನಕ್ಕಿದ್ದು. ಬೆಕ್ಕಿನ ಹೆಜ್ಜೆ, ಮಗುವಿನ ಹೆಜ್ಜೆ, ಗಂಡನ ಚಪ್ಪಲಿ ಗುರುತು, ಒಂದಾದ ಮೇಲೊಂದು ಫೋಟೋ ಬರತೊಡಗಿತು. ನಾವು ಕೊಟ್ಟ ಉತ್ತರ? 'ದಯವಿಟ್ಟು ನಿಯಮದ ಪ್ರಕಾರ ವಿಡಿಯೋ ಕಳಿಸಿ.' ಟೈಪ್ ಮಾಡಿದ್ದು ನಾನೇ. ಅಲ್ಲಿಗೆ ನಗು ನಿಂತಿತು.

ಈಗ ಮೇಲಿನವರು ಹೊಸ ಪರಿಮಳಕ್ಕೆ ಜನರಿಂದಲೇ ವೋಟ್ ಹಾಕಿಸಿ ಹೆಸರಿಡೋಣ ಅನ್ನುತ್ತಿದ್ದಾರೆ. ಮಾಡಬಹುದಾ?

ಹಳೇ ಪೋಸ್ಟರ್:

ಮಾಡಿ, ಆದರೆ ಮೊದಲು ಮೇಲಿನವರಿಗೆ ಬ್ರಿಟನ್ನಿನ ಹಡಗಿನ ಕಥೆ ಹೇಳಿ. 2016ರಲ್ಲಿ ಅಲ್ಲಿನ ಒಂದು ಸರ್ಕಾರಿ ಸಂಶೋಧನಾ ಮಂಡಳಿ ತನ್ನ ಹೊಸ ಧ್ರುವ ಸಂಶೋಧನಾ ಹಡಗಿಗೆ ಹೆಸರು ಸೂಚಿಸಿ ಅಂತ ಆನ್‌ಲೈನಲ್ಲಿ ಕೇಳಿತು. ಯಾರೋ ತಮಾಷೆಗೆ 'ಬೋಟಿ ಮ್ಯಾಕ್‌ಬೋಟ್‌ಫೇಸ್' (ದೋಣಿಮುಖದ ದೋಣಿ ಅನ್ನೋ ಥರ) ಅಂದರು. 1.24 ಲಕ್ಷ ವೋಟು ಬಿತ್ತು, ಮೊದಲನೇ ಸ್ಥಾನ! ಆಮೇಲೆ ಹಡಗಿಗೆ ವನ್ಯಜೀವಿ ಸಾಕ್ಷ್ಯಚಿತ್ರಗಳಿಗೆ ಹೆಸರಾದ ಡೇವಿಡ್ ಅಟೆನ್‌ಬರೋ ಅವರ ಹೆಸರಿಟ್ಟರು. ಗೆದ್ದ ಹೆಸರು ಅದರ ಜೊತೆಗಿನ ಪುಟ್ಟ ಸಬ್‌ಮರೀನಿಗೆ ಹೋಯಿತು. ಅವರು ಜಾಣತನದಿಂದ ಪಾರಾದರು. ನಿಮ್ಮ ಹತ್ತಿರ ಸಬ್‌ಮರೀನ್ ಇದೆಯಾ?

ಸುಮ್ನೆ ಓದುವವ:

ಷೆವರ್ಲೆ 2006ರಲ್ಲಿ ಟಾಹೋ ಅನ್ನೋ ಪೆಟ್ರೋಲ್ ಕುಡಿಯುವ ದೊಡ್ಡ ಕಾರಿಗೆ ನೀವೇ ಜಾಹೀರಾತು ಮಾಡಿ ಅಂದಿತ್ತು. ದೃಶ್ಯ, ಸಂಗೀತ ಎಲ್ಲಾ ರೆಡಿ, ಅಕ್ಷರ ಮಾತ್ರ ಜನರದ್ದು. ಒಂದಷ್ಟು ಜನ ಅದೇ ಕಾರಿನ ದೃಶ್ಯದ ಮೇಲೆ ಭೂಮಿ ಬಿಸಿಯಾಗ್ತಿರೋದು ಇದರಿಂದಲೇ ಅಂತ ಬರೆದುಬಿಟ್ಟರು. ಬಾಗಿಲು ತೆಗೆದರೆ ಬೈಯುವವರೂ ಒಳಗೆ ಬರ್ತಾರೆ, ಅಲ್ವಾ?

ಮೂರನೇ ಬೆಂಚು:

ವೋಟಿನ ಮಾತು ಬಿಡಿ. ನಿಮ್ಮ ಸ್ಪರ್ಧೆ ಗೆದ್ದಾಗಿತ್ತು, ನೀವೇ ಕೊಂದಿರಿ. ಒಂದು ನಿಮಿಷದ ವಿಡಿಯೋ ಅಂದರೆ ಶೂಟಿಂಗ್, ಎಡಿಟಿಂಗ್, ಮೇಲೆ ಐದು ಜನರ ಮುಂದೆ ಮುಜುಗರ. ಯಾರಿಗೆ ಬೇಕು? ನಾಯಿ ಫೋಟೋಗೆ ಹತ್ತು ಸೆಕೆಂಡ್ ಸಾಕು. ಅಲ್ಲಿ ಬಾಟಲಿ ಇಲ್ಲದಿದ್ದರೂ ಹೊಳೆಯುವ ನೆಲ ಇದೆ.

ಓಲ್ಡ್ ಸ್ಪೈಸ್ 2010ರಲ್ಲಿ ಮಾಡಿದ್ದು ನೋಡಿ. ಅವರ ಬಾಡಿ ವಾಶ್ ಟಿವಿ ಜಾಹೀರಾತು ಹಿಟ್ ಆದ ಮೇಲೆ, ಅದೇ ನಟನನ್ನು ಟವೆಲ್ ಸುತ್ತಿ ಬಾತ್‌ರೂಮ್ ಸೆಟ್ಟಿನಲ್ಲಿ ನಿಲ್ಲಿಸಿ, ಜನರ ಕಮೆಂಟುಗಳಿಗೆ ವಿಡಿಯೋದಲ್ಲೇ ಉತ್ತರ ಕೊಡಿಸಿದರು. ಮೂರು ದಿನದೊಳಗೆ 180ಕ್ಕೂ ಜಾಸ್ತಿ ವಿಡಿಯೋ. ಜನ ಸುಮ್ನೆ ಒಂದು ಸಾಲು ಬರೆದರೆ ಸಾಕಿತ್ತು, ಕಷ್ಟವೆಲ್ಲಾ ಕಂಪನಿಯದ್ದು. ನೀವು ಉಲ್ಟಾ ಮಾಡಿದಿರಿ. ಈಗಲೂ ಹೋಗಿ ಆ ನಾಯಿಯನ್ನು ಮಾತಾಡಿಸಿ.

ಒದ್ದೆನೆಲ:

ಮಾತಾಡಿಸಿದೆ. ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. 'ತಪ್ಪಾಯಿತು, ನಿಮ್ಮ ನಾಯಿಯ ಹೆಸರೇನು?' ಅಂತ ಅದೇ ಫೋಟೋ ಕೆಳಗೆ ಬರೆದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: 'ಹೇಳ್ತೀನಿ. ಒಂದು ನಿಮಿಷದ ವಿಡಿಯೋದಲ್ಲೇ ಹೇಳಬೇಕಾ?'